ಕರ್ನಲ್ಲರ ಎದೆಯ ಮೇಲಿನ ರೊಟ್ಟಿ

ಸರ್ ಆಂಬ್ರೋಸ್ ಟೆಡ್‌ಸ್ಟನ್ ಸತ್ತ ಸುದ್ದಿ ಬಂದಾಗ ಸಿಬಿಲ್ ಪ್ರೋಸರ್ ತನ್ನ ಹಂದಿಗೆ ಕಲಗಚ್ಚು ಸುರಿಯುತ್ತಿದ್ದಳು. ಸುದ್ದಿ ಹೇಳಲು ಬಂದ ಪಕ್ಕದ ಮನೆಯ ಮಾರ್ಜರಿ ಗಾಡ್ಸಲ್ ಬೇಲಿಯಾಚೆಯೇ ನಿಂತು ಕೂಗಿದಳು.

"ಕರ್ನಲ್ ಹೋಗ್ಬಿಟ್ರಂತೆ ಕಣೇ! ಬೆಳಿಗ್ಗೆ ಕೋಳಿ ಕೂಗೋ ಹೊತ್ಗೆ!"

"ಒಳ್ಳೇದಾಯ್ತು," ಎಂದಳು ಸಿಬಿಲ್. ಹೇಳಿದ್ದು ಹಂದಿಗೆ.

ವೆಲ್ಟನ್ ಹಳ್ಳಿಯಲ್ಲಿ ಯಾರೂ ಅವಳ ಬೇಲಿ ದಾಟಿ ಒಳಗೆ ಬರುತ್ತಿರಲಿಲ್ಲ. ರೊಟ್ಟಿಯಂಗಡಿಯವನು ಒಲೆಯ ಉದ್ದ ಸಲಿಕೆಯ ತುದಿಯಲ್ಲಿಟ್ಟು ಅವಳಿಗೆ ರೊಟ್ಟಿ ಚಾಚುತ್ತಿದ್ದ. ಚರ್ಚಿನಲ್ಲಿ ಬಾಗಿಲ ಪಕ್ಕದ, ಗಾಳಿ ಹೊಡೆಯುವ ಬೆಂಚು ಅವಳೊಬ್ಬಳದು. ಯಾಕೆಂದರೆ ಅವಳು ಪಾಪ ತಿನ್ನುವವಳು. ಊರಿನಲ್ಲಿ ಯಾರು ಸತ್ತರೂ ಅವಳಿಗೆ ಕರೆ ಹೋಗುತ್ತಿತ್ತು. ಹೆಣದ ಎದೆಯ ಮೇಲೆ ಉಪ್ಪಿನ ತಟ್ಟೆ ಇಟ್ಟು, ಹೆಣದ ಮೇಲಿಂದ ಅವಳ ಕೈಗೊಂದು ರೊಟ್ಟಿಯನ್ನೂ ಮರದ ಬಟ್ಟಲಿನಲ್ಲಿ ಬಿಯರನ್ನೂ ಕೊಡುತ್ತಿದ್ದರು. ಅವಳು ತಿಂದು ಕುಡಿದು, ಇವನು ಮಾಡಿದ್ದೆಲ್ಲ ನನ್ನ ತಲೆಗಿರಲಿ, ಇವನು ಸುಮ್ಮನೆ ಮಲಗಲಿ ಎಂದು ಹೇಳುತ್ತಿದ್ದಳು. ಸತ್ತವನು ದೆವ್ವವಾಗಿ ಓಣಿ ಓಣಿ ಅಲೆಯುವುದು ತಪ್ಪುತ್ತಿತ್ತು. ಆಮೇಲೆ ಬಟ್ಟಲನ್ನು ಒಲೆಗೆ ಹಾಕಿ, ಒಂದು ಬೆಳ್ಳಿ ಕಾಸನ್ನು ಅವಳ ಕಾಲ ಹತ್ತಿರ ಎಸೆದು, ಹಿತ್ತಲಿನಿಂದ ಆಚೆಗೆ ಕಳಿಸುತ್ತಿದ್ದರು. ಬರುವಾಗ ಬಾ ತಾಯಿ ಅನ್ನುವ ಬಾಯಿಗಳೇ ಹೋಗುವಾಗ ಥೂ ಅನ್ನುತ್ತಿದ್ದವು.

ಈ ಕೆಲಸಕ್ಕೂ ಒಂದು ಕಟ್ಟಳೆ ಇತ್ತು. ಸತ್ತವನು ಏನೇನು ಮಾಡಿದ್ದ ಎಂದು ತಿನ್ನುವವಳು ಕೇಳುವಂತಿಲ್ಲ, ಮನೆಯವರು ಹೇಳಬೇಕಾಗಿಯೂ ಇಲ್ಲ. ಬಾಯಿ ಕಟ್ಟಿದ ಮೂಟೆಯನ್ನು ಹೊತ್ತ ಹಾಗೆ ಹೊತ್ತುಕೊಂಡು ಹೋಗಬೇಕು. ಒಂದು ಪಾಪ ಮಾತ್ರ ಹಾಗಲ್ಲ. ಸತ್ತವನು ತಿನ್ನುವವಳ ಸ್ವಂತ ರಕ್ತಕ್ಕೇ ಕೇಡು ಮಾಡಿದ್ದರೆ ಅದನ್ನು ಅವಳಿಗೆ ಮೊದಲೇ ತಿಳಿಸಬೇಕು. ತಿಳಿದು ತಿಂದರೆ ಮಾತ್ರ ಅದು ಹೆಣದಿಂದ ಇಳಿಯುತ್ತದೆ. ಮುಚ್ಚಿಟ್ಟು ತಿನ್ನಿಸಿದರೆ ಸತ್ತವನು ಮಣ್ಣಿನಿಂದ ಎದ್ದು, ಮುಚ್ಚಿಟ್ಟವನ ಮನೆ ಬಾಗಿಲಿಗೇ ಬಂದು ನಿಲ್ಲುತ್ತಾನೆ. ವೈ ನದಿಯ ಎರಡೂ ದಂಡೆಯ ಜನ ಇದನ್ನು ಬೈಬಲ್ಲಿಗಿಂತ ಗಟ್ಟಿಯಾಗಿ ನಂಬಿದ್ದರು.

ಸಿಬಿಲ್ ಈ ಕೆಲಸಕ್ಕೆಂದೇ ಹುಟ್ಟಿದವಳೇನಲ್ಲ. ಬೇಲಿ ಕಟ್ಟುವವನ ಮಗಳು. ಟೆಡ್‌ಸ್ಟನ್ ಮನೆತನದ ಸೇಬಿನ ಗಾಣದಲ್ಲಿ ಕೆಲಸಕ್ಕಿದ್ದಾಗ ಅವಳ ನಗು ನದಿಯಾಚೆಗೆ ಕೇಳುತ್ತಿತ್ತು ಅಂತ ಹಳಬರು ಹೇಳುತ್ತಾರೆ. ಗಂಡ ವಾಟ್ಕಿನ್ ಪೇರಳೆ ಮರದಿಂದ ಬಿದ್ದು ಸತ್ತ. ಉಳಿದವನು ಒಬ್ಬನೇ ಮಗ, ಜೆಂಕಿನ್. ತಾಯಿಯ ಬಾಯಿ, ತಂದೆಯ ಭುಜ. ಮನಸ್ಸಿನಲ್ಲಿ ಬಂದದ್ದನ್ನು ಹಾಗೇ ಆಡಿಬಿಡುವ ಹುಡುಗ. ಆ ಗುಣವೇ ಅವನನ್ನು ತಿಂದುಹಾಕಿತು.

ಆಗ ಆಂಬ್ರೋಸ್ ಟೆಡ್‌ಸ್ಟನ್ ಇನ್ನೂ ಸರ್ ಅಲ್ಲ, ಕರ್ನಲ್ಲೂ ಅಲ್ಲ. ಲಂಡನ್ನಿನಲ್ಲಿ ಕಾನೂನು ಓದಿ ಬಂದ ಜಮೀನ್ದಾರನ ಮಗ. ಮಾತು ಬೆಣ್ಣೆಯಂಥದು. ಆ ಬೆಣ್ಣೆ ಹಚ್ಚಿಯೇ ಪಾರ್ಲಿಮೆಂಟಿಗೆ ಹೋದ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾದಾಗ ಗೆಲ್ಲುವ ಕಡೆ ಯಾವುದೆಂದು ಮೂಗಿನಿಂದಲೇ ವಾಸನೆ ಹಿಡಿದು ಊರಿಗೆ ಬಂದ, ಚರ್ಚಿನ ಅಂಗಳದ ಕಲ್ಲು ಶಿಲುಬೆಯ ಮೆಟ್ಟಿಲು ಹತ್ತಿ ಭಾಷಣ ಮಾಡಿದ. ಬೇಲಿ ಕಟ್ಟುವವನ ಪ್ರಾಣಕ್ಕೂ ದೊರೆಯ ಪ್ರಾಣಕ್ಕೂ ದೇವರ ತಕ್ಕಡಿಯಲ್ಲಿ ಒಂದೇ ತೂಕ ಎಂದ. ಊರ ಹುಡುಗರ ಎದೆ ಉಬ್ಬಿತು. ಜೆಂಕಿನ್ ಅಲ್ಲಿಂದಲೇ ಕೆಂಪು ಕೋಟು ತೊಟ್ಟು ಅವನ ಹಿಂದೆ ನಡೆದ. ಸಿಬಿಲ್ ಗಾಣದಿಂದ ಓಡಿ ಬರುವಷ್ಟರಲ್ಲಿ ಸೈನ್ಯ ಸೇತುವೆ ದಾಟಿತ್ತು.

ಯುದ್ಧ ಮುಗಿಯುವ ಮೊದಲೇ ಕಮ್ಮಾರನ ಮಗ ರೋಲ್ಯಾಂಡ್ ಬೀವನ್ ಕುಂಟುತ್ತಾ ಊರಿಗೆ ಬಂದ. ಅವನೂ ಅದೇ ದಂಡಿನವನು. ಅವನ ಕಂಕುಳಲ್ಲಿ ಜೆಂಕಿನ್‌ನ ಅಂಗಿ ಇತ್ತು, ಜೆಂಕಿನ್ ಇರಲಿಲ್ಲ. ಅವನು ಹೇಳಿದ ಕತೆ ಹೀಗಿತ್ತು. ಯಾವುದೋ ಊರಿನ ಚರ್ಚಿನಿಂದ ಬೆಳ್ಳಿಯ ಬಟ್ಟಲೊಂದು ಕಾಣೆಯಾಯಿತು. ಲೂಟಿ ಮಾಡಿದವನಿಗೆ ಸಾವು ಎಂದು ಸೈನ್ಯದಲ್ಲಿ ಕಟ್ಟಾಜ್ಞೆ. ಆ ರಾತ್ರಿ ಕಾವಲಿಗಿದ್ದವರು ಮೂವರು, ಜೆಂಕಿನ್, ರೋಲ್ಯಾಂಡ್, ಗ್ಲಾಸ್ಟರ್ ಕಡೆಯವನೊಬ್ಬ. ಮೂವರೂ ಇಲ್ಲವೆಂದರು. ಅಷ್ಟರಲ್ಲಿ ದಂಡಿನ ಕರ್ನಲ್ ಆಗಿದ್ದ ಟೆಡ್‌ಸ್ಟನ್ ನಗಾರಿ ತರಿಸಿ, ಅದರ ಮೇಲೆ ಮೂವರ ಕೈಯಲ್ಲೂ ದಾಳ ಹಾಕಿಸಿದ. ಕಡಿಮೆ ಬಿದ್ದವನೇ ಕಳ್ಳ, ದೇವರೇ ಬೆರಳಿಟ್ಟು ತೋರಿಸುತ್ತಾನೆ ಎಂದ. ಜೆಂಕಿನ್‌ಗೆ ಬಿದ್ದದ್ದು ಒಂದು ಚುಕ್ಕೆ. ಅವನನ್ನು ತೋಟದ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು.

ಇಂಥ ನ್ಯಾಯ ಕೇಳಿ ಊರು ಕೆರಳಬೇಕಿತ್ತು. ಎಲ್ಲಿಂದ! ದಾಳ ಉರುಳಿಸುವುದು ಮನುಷ್ಯ, ನಿಲ್ಲಿಸುವುದು ದೇವರು ಎಂದು ಆಗಿನ ಪಾದ್ರಿ ಭಾನುವಾರ ಉಪದೇಶ ಮಾಡಿದ. ಊರು ತಲೆಯಾಡಿಸಿತು. ಅಂದಿನಿಂದ ಜೆಂಕಿನ್ ಬರೀ ಕಳ್ಳನಲ್ಲ, ದೇವರೇ ಹಿಡಿದುಕೊಟ್ಟ ಕಳ್ಳ. ಇನ್ನು ಯಾರ ಹತ್ತಿರ ಮೇಲ್ಮನವಿ? ಸಿಬಿಲ್ ಕೂಡ ನಂಬಿದಳು. ಹೆತ್ತ ತಾಯಿ, ಹೊಟ್ಟೆಗೆ ಬೆಂಕಿ ಬಿದ್ದಿದ್ದರೂ ನಂಬಿದಳು. ಆ ಕಾಲದಲ್ಲಿ, ಆ ಊರಿನಲ್ಲಿ, ನಗಾರಿಯ ಮೇಲೆ ಉರುಳಿದ ದಾಳವನ್ನು ನಂಬದೆ ಇರುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ಮಗನ ಹೆಣ ಬರಲಿಲ್ಲ. ಎಲ್ಲಿ ಹೂತರೋ, ಹೂತರೋ ಇಲ್ಲವೋ. ಪಾಪ ಹೊತ್ತುಕೊಂಡು ಹುಡುಗ ಯಾವ ಬೇಲಿಯ ಪಕ್ಕದಲ್ಲಿ ಅಲೆಯುತ್ತಿದ್ದಾನೋ ಎಂದು ಅವಳಿಗೆ ನಿದ್ದೆ ಹತ್ತಲಿಲ್ಲ. ಮೇಲಿನ ಕಣಿವೆಯಲ್ಲಿ ಪಾಪ ತಿನ್ನುವ ಮುದುಕನೊಬ್ಬನಿದ್ದ, ಅವನು ಮಾಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದಳು. ಒಂದು ದಿನ ಬಾಗಿಲು ಹಾಕಿಕೊಂಡು, ಆ ಅಂಗಿಯನ್ನು ಮೇಜಿನ ಮೇಲೆ ಮಲಗಿಸಿ, ಎದೆಯ ಜಾಗದಲ್ಲಿ ಉಪ್ಪಿಟ್ಟು, ಅದರ ಮೇಲಿಂದ ರೊಟ್ಟಿ ತೆಗೆದು ತಿಂದಳು. ಅವನ ಕಳ್ಳತನ ನನ್ನದು ಎಂದಳು. ಕಿಟಕಿಯಿಂದ ಯಾರೋ ಇಣುಕಿದ್ದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು, ವಾರದೊಳಗೆ ಮೊದಲ ಸಾವಿನ ಮನೆಯಿಂದ ಕರೆ ಬಂತು. ಅವಳು ಹೋದಳು. ಕಳ್ಳನ ತಾಯಿಗೆ ಗಾಣದಲ್ಲಿ ಕೆಲಸ ನಿಂತಿತ್ತು, ಹೊಟ್ಟೆ ನಿಂತಿರಲಿಲ್ಲ.

ಇತ್ತ ಟೆಡ್‌ಸ್ಟನ್ ಏರುತ್ತಲೇ ಹೋದ. ಯುದ್ಧ ಗೆದ್ದ, ಸೋತವರ ಹೊಲಗದ್ದೆ ತನ್ನದು ಮಾಡಿಕೊಂಡ, ದೇಶವಾಳುವ ಸಭೆಯಲ್ಲಿ ಕುರ್ಚಿ ಹಿಡಿದ. ರಾಜನ ತಲೆ ತೆಗೆಯಬೇಕೋ ಬೇಡವೋ ಎಂದು ಸಹಿ ಕೇಳುವ ಹೊತ್ತಿಗೆ ಸರಿಯಾಗಿ ಕಾಲುನೋವು ಬಂದು ವೆಲ್ಟನ್ನಿನಲ್ಲಿ ಹಾಸಿಗೆ ಹಿಡಿದ. ತಲೆ ಹೋದ ಮೇಲೆ ಕಾಲು ವಾಸಿಯಾಯಿತು. ಹನ್ನೊಂದು ವರ್ಷ ರಾಜರೇ ಬೇಡವೆಂದು ಭಾಷಣ ಬಿಗಿದ. ಸತ್ತ ರಾಜನ ಮಗ ಸಮುದ್ರ ದಾಟಿ ವಾಪಸ್ಸು ಬಂದ ದಿನ ದಂಡೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಗೊಳೋ ಎಂದು ಅತ್ತವರ ಪೈಕಿ ಇವನದೇ ಜೋರು. ಆ ಕಣ್ಣೀರು ವ್ಯರ್ಥವಾಗಲಿಲ್ಲ. ಅತ್ತು ಬಂದವನು ಸರ್ ಆಂಬ್ರೋಸ್ ಆಗಿ ಮನೆಗೆ ಬಂದ. ಲಜ್ಜೆ ಅನ್ನುವುದು ಅವನ ಮನೆಯ ಹೊಸ್ತಿಲು ತುಳಿದದ್ದೇ ಇಲ್ಲ. ಊರಿನವರಂತೂ ಅವನು ಕೋಟು ಬದಲಿಸಿದ ಹಾಗೆಲ್ಲ ತಾವೂ ಜೈಕಾರ ಬದಲಿಸಿದರು.

ಅಂಥವನು ಸತ್ತ ಎರಡನೆಯ ದಿನ ಬೆಳಿಗ್ಗೆ ರೋಲ್ಯಾಂಡ್ ಬೀವನ್ ಸಿಬಿಲ್‌ಳ ಬೇಲಿ ದಾಟಿ ಒಳಗೆ ಬಂದ. ಈಗ ಅವನು ಟೆಡ್‌ಸ್ಟನ್ ಮನೆಯ ಪಾರುಪತ್ಯಗಾರ. ಹೊಟ್ಟೆ ಬಂದಿತ್ತು, ಕರೀ ಕೋಟಿನ ಗುಂಡಿ ಬಿಗಿಯುತ್ತಿದ್ದವು. ಮುಖ ಮಾತ್ರ ಸುಣ್ಣದ ಹಾಗಿತ್ತು.

"ಅವ್ವಾ, ಬರ್ಬೇಕು. ಅಮ್ಮಾವ್ರು ಕರೀತಿದಾರೆ."

"ಬೇಲಿ ದಾಟಿ ಬಂದ್ಯಲ್ಲೋ, ಮೈಲಿಗೆ ಆಗಲ್ವಾ ನಿನ್ ಕೋಟಿಗೆ?"

"ಕೂತ್ಕೋ ಅವ್ವಾ. ಮೊದ್ಲು ಒಂದ್ ಮಾತು ಹೇಳ್ಬೇಕು."

ಅವನು ಹೇಳುವ ಮೊದಲೇ ಅವಳು ಹಂದಿದೊಡ್ಡಿಯ ಕಲ್ಲಿನ ಮೇಲೆ ಕೂತಳು. ಪಾಪ ತಿನ್ನುವವಳಿಗೆ ಮೊದಲು ಹೇಳಬೇಕಾದ ಮಾತು ಒಂದೇ ಬಗೆಯದು.

"ಆ ಬಟ್ಟಲು ಜೆಂಕಿನ್ ಕದೀಲಿಲ್ಲ," ಎಂದ ರೋಲ್ಯಾಂಡ್, ಹಂದಿಯ ಕಡೆ ನೋಡುತ್ತಾ. "ಕರ್ನಲ್ ತಗೊಂಡಿದ್ದು. ಹಿಟ್ಟಿನ ಚೀಲದಲ್ಲಿ ಹಾಕಿ ಅವರ ಬಿಡಾರಕ್ಕೆ ಹೊತ್ಕೊಂಡ್ ಹೋಗಿದ್ದು ನಾನು. ಜೆಂಕಿನ್ ನೋಡ್ಬಿಟ್ಟ. ಊರೋರ ಮುಂದೆ ಹೇಳ್ತೀನಿ ಅಂದ. ಅವನ್ ಬಾಯಿ ನಿಂಗೊತ್ತಲ್ಲ."

"ದಾಳ?"

ರೋಲ್ಯಾಂಡ್ ಕೋಟಿನ ಗುಂಡಿ ತಿರುವಿದ.

"ದಾಳ ಏನಾಗಿತ್ತೋ?"

"ಜೆಂಕಿನ್ ಕೈಗೆ ಕೊಟ್ಟಿದ್ದು ಬೇರೆ ದಾಳ. ಒಳಗೆ ಸೀಸ ತುಂಬಿತ್ತು. ಹೆಂಗ್ ಹಾಕಿದ್ರೂ ಒಂದೇ ಬೀಳೋದು."

ಇಷ್ಟು ವರ್ಷ ಅವಳು ದೇವರ ಬೆರಳು ಎಂದು ನಂಬಿದ್ದು ಗೋಧಿ ಕಾಳಿನಷ್ಟು ಸೀಸ. ಮಗನ ಅಂಗಿಯ ಮೇಲಿಂದ ತಾನು ತಿಂದದ್ದು ಇಲ್ಲದ ಪಾಪ. ಇಲ್ಲದ ಪಾಪಕ್ಕೆ ಮೈಯೊಡ್ಡಿ, ಸಲಿಕೆಯ ತುದಿಯ ರೊಟ್ಟಿ ತಿಂದುಕೊಂಡು, ಉಗಿಸಿಕೊಂಡು ಬದುಕಿದಳು. ಕಳ್ಳನ ತಾಯಿ ಎಂದವರ ಮನೆಯ ಹೆಣಗಳಿಗೆಲ್ಲ ನಿದ್ದೆ ಕೊಟ್ಟಳು. ಕಣ್ಣೀರು ಬರಲಿಲ್ಲ. ಸಿಟ್ಟು ಬಂತು.

"ಇಷ್ಟು ವರ್ಷ ಬಾಯಿಗೇನ್ ತುರುಕ್ಕೊಂಡಿದ್ಯೋ ಮುಂಡೇದೇ? ಇವತ್ತ್ಯಾಕ್ ಬಂತು ಮಾತು?"

"ಕಟ್ಟಳೆ ಅವ್ವಾ. ನಿಂಗೆ ಹೇಳ್ದೆ ತಿನ್ಸಿದ್ರೆ ಅವರು ಎದ್ದು ಬರ್ತಾರೆ. ನನ್ ಹತ್ರಾನೇ ಬರ್ತಾರೆ. ನಂಗೆ ಹೆಂಡ್ತಿ ಮಕ್ಕಳಿದಾರೆ."

"ಓಹೋ. ಅಂದ್ರೆ ಇದನ್ನೂ ನೀನು ಅವನಿಗೋಸ್ಕರಾನೇ ಹೇಳ್ತಿರೋದು. ನಂಗಲ್ಲ. ನನ್ ಮಗನಿಗಲ್ಲ."

"ಹೇಳಿದೀನಲ್ಲ, ಈಗ ಸುಮ್ನೆ ಬಂದು ತಿಂದ್ಬಿಡು. ಯಾರ ಹತ್ರಾನೂ ಬಾಯ್ ಬಿಡ್ಬೇಡ. ಚಳಿಗಾಲಕ್ಕೆ ಸೌದೆ, ಉಪ್ಪು ಹಂದಿಮಾಂಸ, ಎಲ್ಲಾ ಕಳಿಸ್ತೀನಿ."

ಸಿಬಿಲ್ ಕೋಲು ಕೈಗೆತ್ತಿಕೊಂಡಳು. "ನಡಿ," ಎಂದಳು.

ದೊಡ್ಡ ಮನೆಯ ಹಜಾರದಲ್ಲಿ ಊರಿಗೆ ಊರೇ ಸೇರಿತ್ತು. ಗೋಡೆಗೆಲ್ಲ ಕರೀ ಬಟ್ಟೆ. ನಡುವೆ ಓಕ್ ಮರದ ಪೆಟ್ಟಿಗೆಯಲ್ಲಿ ಕರ್ನಲ್, ಎದೆಯ ಮೇಲೆ ಕತ್ತಿ, ಅದರ ಪಕ್ಕದಲ್ಲಿ ಉಪ್ಪು. ಸತ್ತ ಮೇಲೂ ತುಟಿಯಲ್ಲಿ ಅದೇ ಭಾಷಣದ ನಗು. ಅವನ ಹೆಂಡತಿ ಲೇಡಿ ಟೆಡ್‌ಸ್ಟನ್ ತಲೆಯ ಹತ್ತಿರ ನೆಟ್ಟಗೆ ನಿಂತಿದ್ದಳು. ಹೊಸ ಪಾದ್ರಿ ಬದಾಮಿ ಕೇಕು ಅಗಿಯುತ್ತಾ, ಪಾಪ ತಿನ್ನುವುದೆಲ್ಲ ಮೂಢನಂಬಿಕೆ, ಅಜ್ಞಾನಿಗಳ ಆಟ ಎಂದು ಪಕ್ಕದವನಿಗೆ ತಿಳಿಹೇಳುತ್ತಿದ್ದರು. ಆಟ ಬೇಡವೆಂದು ಮನೆಯ ಯಜಮಾನತಿಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಲೇಡಿ ಟೆಡ್‌ಸ್ಟನ್ ರೊಟ್ಟಿಯನ್ನು ಹೆಣದ ಮೇಲಿಂದ ದಾಟಿಸಿದಳು. ಸಿಬಿಲ್ ತೆಗೆದುಕೊಂಡಳು. ಬಾಯಿಗಿಡಲಿಲ್ಲ.

"ಜೆಂಕಿನ್ ಪ್ರೋಸರ್ ಕಳ್ಳ ಅಲ್ಲ, ಕದ್ದಿದ್ದು ಈ ಪೆಟ್ಟಿಗೇಲಿರೋ ಮನುಷ್ಯ. ಈ ಮಾತನ್ನ ಈ ಮನೆಯೋರು ಎಲ್ಲರ ಮುಂದೆ ಹೇಳ್ಲಿ. ಆಮೇಲೆ ರೊಟ್ಟಿ."

ಲೇಡಿ ಟೆಡ್‌ಸ್ಟನ್ ಕಣ್ಣು ಕಿರಿದು ಮಾಡಿದಳು. "ನನ್ನ ಗಂಡ ನ್ಯಾಯ ಬಿಟ್ಟು ನಡೆದೋರಲ್ಲ. ನಿನ್ನ ಕೆಲಸ ಏನಿದೆಯೋ ಅದನ್ನ ಮಾಡು."

"ರೋಲ್ಯಾಂಡ್ ಹೇಳ್ತಾನೆ. ಹೇಳಯ್ಯಾ, ಈಗ ತಾನೇ ನನ್ ಹಂದಿ ಮುಂದೆ ಹೇಳಿದ್ಯಲ್ಲ, ಇವರ ಮುಂದೇನೂ ಹೇಳು."

ರೋಲ್ಯಾಂಡ್ ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. "ಮುದುಕಿಗೆ ಅರಳುಮರಳು, ಅಮ್ಮಾವ್ರೇ," ಎಂದ. "ನಾನೇನೂ ಹೇಳಿಲ್ಲ. ಮಗನ್ನ ದೇವರೇ ಹಿಡಿದುಕೊಟ್ಟಿದ್ದಲ್ವಾ, ಆ ಸಂಕಟಕ್ಕೆ ಏನೇನೋ ಬಡಬಡಿಸ್ತಾಳೆ."

ಯಾರೋ ಕಿಸಕ್ಕನೆ ನಕ್ಕರು. ಹೆಣವಿಟ್ಟ ಮನೆ ಎಂದೂ ನೋಡದೆ ಇನ್ನೂ ನಾಲ್ಕು ಜನ ನಕ್ಕರು. ಸಿಬಿಲ್ ಆ ನಗುವಿಗೆ ಕಾದಳು, ಅದು ಪೂರ್ತಿ ಮುಗಿಯುವವರೆಗೂ ಕಾದಳು. ಆಮೇಲೆ ರೊಟ್ಟಿಯನ್ನು ಮುರಿದಳು. ದೊಡ್ಡ ತುಂಡನ್ನು ಅವಸರವಿಲ್ಲದೆ ಅಗಿದು ಅಗಿದು ತಿಂದಳು, ಬಿಯರು ಕುಡಿದಳು, ಏಪ್ರನ್ನಿನ ಅಂಚಿನಿಂದ ಬಾಯಿ ಒರೆಸಿಕೊಂಡಳು.

"ಇವನ ಸುಳ್ಳು ತಿಂದೆ. ಇವನು ಕಿತ್ಕೊಂಡ ಹೊಲಗದ್ದೆ ತಿಂದೆ. ಎರಡೆರಡು ರಾಜರಿಗೆ ಬಗೆದ ದ್ರೋಹಾನೂ ತಿಂದೆ. ಅವೆಲ್ಲ ನನ್ ತಲೆಗಿರ್ಲಿ, ಇನ್ನೇನ್ ಹೆಚ್ಚಾಗೋದಿದೆ ನಂಗೆ." ಉಳಿದ ತುಂಡನ್ನು ಕರ್ನಲ್ಲರ ಎದೆಯ ಮೇಲೆ, ಉಪ್ಪಿನೊಳಗೆ ಊರಿದಳು. "ಇದು ಜೆಂಕಿನ್‌ದು. ಇದನ್ನ ನಾನು ಮುಟ್ಟಲ್ಲ. ಯಾರು ಎತ್ತುತಾರೋ ಅವರದು."

ಹತ್ತಿರ ನಿಂತವರೆಲ್ಲ ಒಟ್ಟಿಗೆ ಹಿಂದೆ ಸರಿದರು. ಪೆಟ್ಟಿಗೆ ಹೊರಲು ಬಂದಿದ್ದ ಆಳುಗಳು ಗೋಡೆಗೆ ಒತ್ತಿಕೊಂಡರು. ಚರ್ಚಿನ ಗಂಟೆ ಬಡಿದುಕೊಳ್ಳುತ್ತಲೇ ಇತ್ತು, ಅತ್ತ ಗುಂಡಿ ಸಿದ್ಧವಾಗಿತ್ತು, ಇತ್ತ ಒಂದು ತುಂಡು ರೊಟ್ಟಿಗೆ ದೇಶವಾಳಿದ ಮನುಷ್ಯ ಅಲ್ಲಾಡದೆ ಬಿದ್ದಿದ್ದ.

"ಯಾರಾದ್ರೂ ತೆಗೀರಿ ಅದನ್ನ!" ಎಂದಳು ಲೇಡಿ ಟೆಡ್‌ಸ್ಟನ್. ಯಾರೂ ಕದಲಲಿಲ್ಲ.

ಸಿಬಿಲ್ ಪಾದ್ರಿಯ ಕಡೆ ತಿರುಗಿದಳು. "ನೀವು ತೆಗೀರಿ, ಪಾದ್ರಿಗಳೇ. ಬರೀ ಹಿಟ್ಟು, ಬರೀ ಉಪ್ಪು, ಅಜ್ಞಾನಿಗಳ ಆಟ. ನಂಗೆ ಕಿವಿ ಚೆನ್ನಾಗಿ ಕೇಳ್ಸುತ್ತೆ. ಕೈ ಹಾಕಿ, ಒಂದು ಕೇಕ್ ತಿಂದಷ್ಟೇ ಸುಲಭ."

ಪಾದ್ರಿ ಒಂದು ಹೆಜ್ಜೆ ಮುಂದಿಟ್ಟರು. ಕೈ ಚಾಚಿದರು. ಕರ್ನಲ್ಲರ ತುಟಿಯ ಆ ನಗು ನೋಡಿದರು. ಆಮೇಲೆ ಅದೇ ಕೈಯಿಂದ ಬಿಳಿ ಕಾಲರ್ ಸರಿಮಾಡಿಕೊಂಡು, ಇಂಥ ಕ್ಷುಲ್ಲಕ ವಿಷಯದಲ್ಲಿ ತಾವು ತಲೆಹಾಕುವುದು ಶೋಭೆಯಲ್ಲ ಎಂದರು.

"ರೋಲ್ಯಾಂಡ್," ಎಂದಳು ಲೇಡಿ ಟೆಡ್‌ಸ್ಟನ್. "ಅವಳು ಹೇಳೋದು ಸುಳ್ಳು ತಾನೇ? ಸುಳ್ಳಾದ್ರೆ ಅದರಲ್ಲಿ ಏನೂ ಇಲ್ಲ. ನೀನು ತೆಗಿ."

ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ರೋಲ್ಯಾಂಡ್ ಪೆಟ್ಟಿಗೆಯ ಹತ್ತಿರ ಬಂದ. ಅವನ ಬೆರಳು ರೊಟ್ಟಿಗೆ ತಾಗಿತೋ ಇಲ್ಲವೋ, ಕೈ ಹಿಂದಕ್ಕೆಳೆದುಕೊಂಡ. ನೆಲದ ಮೇಲೆ ಕೂತು, ಮಗುವಿನ ಹಾಗೆ ಬಿಕ್ಕುತ್ತಾ ಎಲ್ಲವನ್ನೂ ಕಕ್ಕಿದ. ಬಟ್ಟಲು, ಹಿಟ್ಟಿನ ಚೀಲ, ಸೀಸದ ದಾಳ. ಗುಂಡು ಹೊಡೆಯುವ ಮೊದಲು ಜೆಂಕಿನ್ ಕೂಗಿದ್ದನ್ನೂ ಹೇಳಿದ. ನಾನು ಕದ್ದಿಲ್ಲ ಅಂತ ನಮ್ಮವ್ವನಿಗೆ ಹೇಳೋ ರೋಲ್ಯಾಂಡ್, ಅಂದಿದ್ದನಂತೆ. ಅಷ್ಟೇ ಕೇಳಿಕೊಂಡಿದ್ದು. ಆ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಮನುಷ್ಯ ಪಾರುಪತ್ಯ ಮಾಡಿದ, ಮದುವೆಯಾದ, ಮಕ್ಕಳನ್ನು ಹೆತ್ತ, ಕೊಬ್ಬಿದ.

"ಹೇಳ್ದೆ ಅವ್ವಾ, ಎಲ್ಲಾ ಹೇಳ್ದೆ. ಈಗ ತಿಂದ್ಬಿಡು."

"ಹೇಳು ಅಂದೆ," ಎಂದಳು ಸಿಬಿಲ್. "ಆಗ ಹೇಳ್ಲಿಲ್ಲ, ಈಗ ನಾನು ಮುಟ್ಟಲ್ಲ. ಚೀಲ ಹೊತ್ತೋನು ನೀನು. ಇದನ್ನೂ ನೀನೇ ತಿನ್ನು."

ರೋಲ್ಯಾಂಡ್ ತಿಂದ. ಉಪ್ಪಿನ ಸಮೇತ, ಅಳುತ್ತಾ, ಗಂಟಲಿಗೆ ಸಿಕ್ಕಿಸಿಕೊಂಡು ತಿಂದ. ಯಾರೂ ಅವನಿಗೆ ನೀರು ಕೊಡಲಿಲ್ಲ.

ಸಿಬಿಲ್ ಹೋಗಿ ಮುಂಬಾಗಿಲಿಗೆ ಅಡ್ಡಲಾಗಿ ಕೋಲು ಹಿಡಿದು ನಿಂತಳು. ಗುಸುಗುಸು ಎದ್ದಿತ್ತು. ಮೊದಲು ಬಂದವಳು ಮಾರ್ಜರಿ.

"ನಮಗೇನ್ ಗೊತ್ತಿತ್ತು ಹೇಳು, ಸಿಬಿಲ್?"

"ಗೊತ್ತಿರ್ಲಿಲ್ಲ. ಆದ್ರೂ ಕಳ್ಳನ ತಾಯಿ ಅನ್ನೋಕೆ ಬಾಯಿ ಇತ್ತಲ್ಲ? ಅದೇ ಬಾಯಲ್ಲಿ ಈಗ ಹೇಳು. ನನ್ ಮುಖ ನೋಡ್ಕೊಂಡ್ ಹೇಳು."

"ಜೆಂಕಿನ್ ಕಳ್ಳ ಅಲ್ಲ."

"ಜೋರಾಗಿ."

ಮಾರ್ಜರಿ ಜೋರಾಗಿ ಹೇಳಿದಳು. ಕೋಲು ಮೇಲೆದ್ದಿತು, ಅವಳು ಆಚೆ ಹೋದಳು. ಹಿಂದೆ ರೊಟ್ಟಿಯಂಗಡಿಯವನು, ಅವನ ಹಿಂದೆ ನಕ್ಕಿದ್ದ ನಾಲ್ವರು, ಗಾಣದ ಮೇಸ್ತ್ರಿ, ಗಂಟೆ ಹೊಡೆಯುವವನ ಹೆಂಡತಿ. ಪಿಸುಗುಟ್ಟಿದವರಿಂದ ಎರಡೆರಡು ಸಲ ಹೇಳಿಸಿದಳು. ಪಾದ್ರಿ ಲ್ಯಾಟಿನ್ನಿನಲ್ಲಿ ಏನೋ ಶುರುಮಾಡಿದರು, ಅವಳು ಕೋಲಿನಿಂದ ನೆಲ ಕುಟ್ಟಿದಳು, ಅವರೂ ಎಲ್ಲರ ಹಾಗೆ ಹೇಳಿ ಹೋದರು. ಹೇಳಿದವರು ಅಂಗಳದಲ್ಲೇ ತಲೆ ತಗ್ಗಿಸಿ ನಿಂತರು. ಒಳಗೆ ಮಾತು ಬಾಕಿ ಉಳಿದದ್ದು ಒಬ್ಬಳದೇ.

"ನನ್ನ ಗಂಡನನ್ನ ಹೂಳ್ಬೇಕು," ಎಂದಳು ಲೇಡಿ ಟೆಡ್‌ಸ್ಟನ್. ಅವಳ ದನಿಯಲ್ಲಿ ಆಜ್ಞೆ ಉಳಿದಿರಲಿಲ್ಲ. "ದಾರಿ ಬಿಡು."

"ನನ್ ಮಗನ್ನ ಎಲ್ಲಿ ಹೂತ್ರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ, ಅಮ್ಮಾವ್ರೇ. ನೀವು ಮೂರು ಮಾತು ಆಡಿದ್ರೆ ಗಂಡ ಮಣ್ಣಿಗೆ ಹೋಗ್ತಾರೆ. ಆಡಿ."

ಗಂಟೆ ನಿಂತಿತ್ತು. ಅಂಗಳದಲ್ಲಿದ್ದವರೆಲ್ಲ ಕಿವಿ ಇತ್ತ ಇಟ್ಟಿದ್ದರು. ಲೇಡಿ ಟೆಡ್‌ಸ್ಟನ್ ತನ್ನ ಗಂಡನ ಮುಖವನ್ನು ಒಮ್ಮೆ ನೋಡಿದಳು, ಹೊಸಬನೊಬ್ಬನನ್ನು ನೋಡಿದ ಹಾಗೆ ನೋಡಿದಳು.

"ಜೆಂಕಿನ್ ಪ್ರೋಸರ್ ಕಳ್ಳ ಅಲ್ಲ," ಎಂದಳು.

ಸಿಬಿಲ್ ಪಕ್ಕಕ್ಕೆ ಸರಿದು ಹೆಣಕ್ಕೆ ದಾರಿ ಬಿಟ್ಟಳು.